ವಿಶೇಷ ಪಡೆಗಳ ಉಪಕರಣ ಖರೀದಿ: ಯಾವ ಸಹಿ ಯಾರ ಕೈಯಲ್ಲಿರಬೇಕು

ನೈಟ್ ವಿಷನ್ ಕನ್ನಡಕವನ್ನು ಹೆಲ್ಮೆಟ್ಟಿಗೆ ಸಿಕ್ಕಿಸುವ ಮೌಂಟ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಒಂದು ತುದಿ ಹೆಲ್ಮೆಟ್ಟಿನ ಹಣೆತಟ್ಟೆಗೆ ಕೂರುತ್ತದೆ, ಇನ್ನೊಂದು ತುದಿ ಕನ್ನಡಕವನ್ನು ಹಿಡಿಯುತ್ತದೆ. ಹಣೆತಟ್ಟೆಯಲ್ಲಿ ಒಂದೇ ತಿರುಪಿನ ತೂತು ಇರುವ ಮಾದರಿ ಇದೆ, ಮೂರು ತೂತಿನ ಮಾದರಿಯೂ ಇದೆ. ಕನ್ನಡಕದ ಕಡೆ ಹಳೆಯ ಬಯೊನೆಟ್ ಜೋಡಣೆ ಇದೆ, ಹೊಸ ಡವ್‌ಟೇಲ್ ಜೋಡಣೆಯೂ ಇದೆ. ಒಂದಕ್ಕೊಂದು ಹೊಂದುವುದಿಲ್ಲ. ಹೆಲ್ಮೆಟ್ ಕೊಡುವುದು ಭೂಸೇನೆ, ಕನ್ನಡಕ ಕೊಳ್ಳುವುದು ವಿಶೇಷ ಪಡೆಯ, ಅಂದರೆ ಕಮಾಂಡೊಗಳ, ಮುಖ್ಯಕಚೇರಿ ಎಂದು ಹಂಚಿಕೆಯಾಗಿದ್ದರೆ ಮೌಂಟ್ ಇಬ್ಬರ ಪಟ್ಟಿಯಲ್ಲೂ ಇರುವುದಿಲ್ಲ. ದುಬಾರಿ ಕನ್ನಡಕಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಎರಡೂ ಕಚೇರಿಗಳ ಕಡತ ನೋಡಿದರೆ ಇಬ್ಬರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮುಗಿಸಿದ್ದಾರೆ.

ವಿಶೇಷ ಪಡೆಗಳ ಖರೀದಿಯನ್ನು ಯಾರು ನಿಯಂತ್ರಿಸಬೇಕು ಎಂಬ ವಾದ ಸಾಮಾನ್ಯವಾಗಿ ‘ಅವರಿಗೆ ಪೂರ್ತಿ ಬಿಟ್ಟುಬಿಡಿ’ ಮತ್ತು ‘ಸೇನೆಯ ಖರೀದಿ ವಿಭಾಗವೇ ನೋಡಿಕೊಳ್ಳಲಿ’ ಎಂಬ ಎರಡು ತುದಿಗಳಲ್ಲಿ ನಿಂತುಬಿಡುತ್ತದೆ. ಎರಡೂ ತಪ್ಪು. ನಿಯಂತ್ರಣ ಎಂಬುದು ಒಂದೇ ವಸ್ತುವಲ್ಲ, ಐದು ಬೇರೆ ಬೇರೆ ಸಹಿಗಳು. ಅವನ್ನು ಬಿಡಿಸಿ, ಯಾವುದು ಯಾರದು ಎಂದು ಲಿಖಿತವಾಗಿ ಹಂಚುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದೆ. ರಕ್ಷಣಾ ಸಚಿವಾಲಯದ ಯೋಜನಾ ವಿಭಾಗ, ಸೇನಾ ಮುಖ್ಯಕಚೇರಿ, ಸಂಸದೀಯ ಸಮಿತಿಯ ಸಿಬ್ಬಂದಿ, ಯಾರೇ ಇಂಥ ವ್ಯವಸ್ಥೆಯ ಕರಡು ಬರೆಯುತ್ತಿದ್ದರೂ ಉಪಯೋಗಕ್ಕೆ ಬರಬೇಕು. ಭೂಸೇನೆ, ನೌಕಾಪಡೆ, ವಾಯುಪಡೆಗಳನ್ನು ಒಟ್ಟಾಗಿ ‘ಮೂಲಪಡೆ’ ಎಂದೂ, ವಿಶೇಷ ಕಾರ್ಯಾಚರಣೆಗಳ ಮುಖ್ಯಕಚೇರಿಯನ್ನು ‘ಕಮಾಂಡ್’ ಎಂದೂ ಕರೆದಿದ್ದೇವೆ.

ಮೊದಲು ಐದು ಸಹಿಗಳನ್ನು ಬಿಡಿಸಿ

ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ. ಬೇಡಿಕೆ: ಏನು ಬೇಕು, ಯಾಕೆ ಬೇಕು ಎಂದು ನಿರ್ಧರಿಸುವವರು. ಹಣ: ಯಾರ ಬಜೆಟ್ಟಿನಿಂದ ಹೋಗುತ್ತದೆ. ಗುತ್ತಿಗೆ: ಟೆಂಡರ್ ಕರೆದು ಸಹಿ ಹಾಕುವವರು. ಸುರಕ್ಷತೆ: ಬಳಸಬಹುದು ಎಂದು ಪ್ರಮಾಣಪತ್ರ ಕೊಡುವವರು. ಪೋಷಣೆ: ಬಿಡಿಭಾಗ, ದುರಸ್ತಿ, ತರಬೇತಿ, ಕೊನೆಗೆ ವಿಲೇವಾರಿ.

ಅಂಕಣದಲ್ಲಿ ಕಚೇರಿಯ ಹೆಸರು ಸಾಲದು, ಹುದ್ದೆಯ ಹೆಸರೇ ಇರಬೇಕು. ‘ಜಂಟಿಯಾಗಿ’ ಎಂಬ ಪದ ಯಾವ ಅಂಕಣದಲ್ಲೂ ಬರಕೂಡದು. ಜಂಟಿ ಎಂದು ಬರೆದ ಕಡೆಯೆಲ್ಲ ಕಡತ ಆರು ತಿಂಗಳು ಅತ್ತಿಂದಿತ್ತ ಓಡಾಡುತ್ತದೆ, ಕೆಟ್ಟಾಗ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ.

ನಮ್ಮ ಖಚಿತ ಅಭಿಪ್ರಾಯ ಇಷ್ಟು: ಬೇಡಿಕೆಯ ಸಹಿ ಯಾವಾಗಲೂ ಕಮಾಂಡಿನದು. ವಿಶೇಷ ಉಪಕರಣದ ಹಣವೂ ಕಮಾಂಡಿನದೇ. ಗುತ್ತಿಗೆಯ ಸಹಿ ವಸ್ತುವಿಗೆ ತಕ್ಕಂತೆ ಬದಲಾಗುತ್ತದೆ. ಸುರಕ್ಷತೆಯ ಸಹಿ ಎಂದೂ ಕಮಾಂಡಿನ ಕೈಗೆ ಹೋಗಬಾರದು. ಪೋಷಣೆಯ ಸಹಿ ಯಾರದೆಂದು ಮೊದಲ ದಿನವೇ ತೀರ್ಮಾನವಾಗದಿದ್ದರೆ ಖರೀದಿಯನ್ನೇ ಶುರುಮಾಡಬಾರದು.

ವಸ್ತುಗಳನ್ನು ಮೂರು ಗುಂಪು ಮಾಡಿ

ಮೊದಲ ಗುಂಪು, ಎಲ್ಲ ಸೈನಿಕರೂ ಬಳಸುವಂಥದ್ದು: ಸಾಮಾನ್ಯ ರೈಫಲ್, ಗುಂಡು, ಹೆಲ್ಮೆಟ್, ಲಾರಿ, ಇಂಧನ, ಎಎ ಬ್ಯಾಟರಿ. ಇವು ಮೂಲಪಡೆಯ ಖರ್ಚಿನಲ್ಲೇ ಬರಬೇಕು. ಎರಡನೆಯದು, ಮೂಲಪಡೆಯ ವಸ್ತುವಿಗೆ ಕಮಾಂಡ್ ಮಾಡುವ ಮಾರ್ಪಾಡು. ಹೆಲಿಕಾಪ್ಟರ್ ಭೂಸೇನೆಯದು, ಗಾಳಿಯಲ್ಲೇ ಇಂಧನ ತುಂಬಿಕೊಳ್ಳುವ ಕೊಳವೆ, ಭೂಮಿಗೆ ಅಂಟಿಕೊಂಡು ಹಾರಲು ಬೇಕಾದ ರೇಡಾರ್ ಕಮಾಂಡಿನವು. ಮೂರನೆಯದು, ಬೇರೆ ಯಾರಿಗೂ ಬೇಡವಾದದ್ದು: ಈಜುಗಾರರನ್ನು ನೀರಿನಡಿಯಲ್ಲಿ ಒಯ್ಯುವ ವಾಹನ, ಕೆಲವು ಬಗೆಯ ಸಂವಹನ ಸಾಧನಗಳು.

ವಸ್ತು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ನಾಳೆ ವಿಶೇಷ ಪಡೆಯೇ ಇಲ್ಲವಾದರೆ ಮೂಲಪಡೆ ಇದನ್ನು ಕೊಳ್ಳುತ್ತದೆಯೇ? ಕೊಳ್ಳುತ್ತದೆ ಎಂದಾದರೆ ಮೊದಲ ಗುಂಪು. ಇಲ್ಲ ಎಂದಾದರೆ ಮೂರನೆಯದು. ‘ಇದರ ಸಾದಾ ರೂಪ ಕೊಳ್ಳುತ್ತದೆ’ ಎಂದಾದರೆ ಎರಡನೆಯದು.

ಕಷ್ಟವೆಲ್ಲ ಎರಡನೆಯ ಗುಂಪಿನಲ್ಲೇ ಇದೆ. ಮೂಲ ವಿಮಾನ ಬದಲಾದಾಗ ಮಾರ್ಪಾಡೂ ಬದಲಾಗಬೇಕು. ಮೂಲಪಡೆ ಕಾಕ್‌ಪಿಟ್ಟಿನ ಸಾಫ್ಟ್‌ವೇರಿನ ಹೊಸ ಆವೃತ್ತಿ ಹಾಕಿದ ದಿನ ಕಮಾಂಡಿನ ರೇಡಾರ್ ಪರದೆಯ ಮೇಲೆ ಬರದೆ ಹೋಗಬಹುದು. ಹಾಗಾಗಿ ಈ ಗುಂಪಿನ ಪ್ರತಿ ವಸ್ತುವಿಗೂ ಒಂದು ಒಪ್ಪಂದಪತ್ರ ಬೇಕು. ಅದರಲ್ಲಿ ಮೂರು ಸಂಗತಿ ಇರಲೇಬೇಕು: ಮಾರ್ಪಾಡು ಎಲ್ಲಿ ಶುರುವಾಗುತ್ತದೆ (ಯಾವ ಕನೆಕ್ಟರ್, ಯಾವ ಬೋಲ್ಟು, ಯಾವ ಡೇಟಾ ತಂತಿ), ಮೂಲವಸ್ತುವನ್ನು ಬದಲಿಸುವ ಎಷ್ಟು ತಿಂಗಳು ಮೊದಲು ಕಮಾಂಡಿಗೆ ತಿಳಿಸಬೇಕು, ಬದಲಾವಣೆಯಿಂದ ಮಾರ್ಪಾಡು ಕೆಟ್ಟರೆ ಸರಿಪಡಿಸುವ ಖರ್ಚು ಯಾರದು. ಮೊದಲನೆಯದನ್ನು ಮಾತಿನಲ್ಲಲ್ಲ, ರೇಖಾಚಿತ್ರದಲ್ಲಿ ತೋರಿಸಿ. ಹೆಲ್ಮೆಟ್ ಮೌಂಟಿನ ಪ್ರಕರಣ ಹುಟ್ಟುವುದೇ ಈ ಗೆರೆಯನ್ನು ಯಾರೂ ಎಳೆಯದೆ ಬಿಟ್ಟಾಗ. ಜೋಡಣೆಯ ಭಾಗ ಯಾವಾಗಲೂ ವಿಶೇಷ ವಸ್ತುವಿನ ಜೊತೆಗೇ ಹೋಗುತ್ತದೆ ಎಂಬ ನಿಯಮ ಇಟ್ಟುಕೊಂಡರೆ ಅರ್ಧ ತಂಟೆ ಅಲ್ಲೇ ಮುಗಿಯುತ್ತದೆ.

ಹಣ: ಕಮಾಂಡಿನ ಸ್ವಂತ ಲೆಕ್ಕಶೀರ್ಷಿಕೆ ಯಾಕೆ ಬೇಕು

ಸ್ವಂತ ಹಣವಿಲ್ಲದ ಬೇಡಿಕೆ ಬರಿಯ ಮನವಿ. ಅಮೆರಿಕ ಇದನ್ನು ಪ್ರಾಣ ತೆತ್ತು ಕಲಿತ ದೇಶ. 1980ರ ಏಪ್ರಿಲ್‌ನಲ್ಲಿ ಟೆಹರಾನಿನಲ್ಲಿದ್ದ ಅಮೆರಿಕನ್ ಒತ್ತೆಯಾಳುಗಳನ್ನು ಬಿಡಿಸಲು ಹೊರಟ ಕಾರ್ಯಾಚರಣೆಗೆ ನೌಕಾಪಡೆಯ ಆರ್‌ಎಚ್-53ಡಿ ಹೆಲಿಕಾಪ್ಟರುಗಳನ್ನು ಬಳಸಿದರು. ಅವು ಸಮುದ್ರದ ಮೈನ್ ತೆಗೆಯಲು ಮಾಡಿದ್ದವು. ಹೊರಟದ್ದು 8, ಮರುಭೂಮಿಯ ಸಂಧಿಸ್ಥಳ ಮುಟ್ಟಿದ್ದು 6, ಅದರಲ್ಲೊಂದರ ಹೈಡ್ರಾಲಿಕ್ ಕೆಟ್ಟು ಉಳಿದದ್ದು 5. ಕೆಲಸಕ್ಕೆ ಕನಿಷ್ಠ 6 ಬೇಕಿತ್ತು. ಹಿಂದಿರುಗುವ ಹೊತ್ತಿನಲ್ಲಿ ಒಂದು ಹೆಲಿಕಾಪ್ಟರ್ ನಿಂತಿದ್ದ ವಿಮಾನಕ್ಕೆ ಬಡಿದು 8 ಮಂದಿ ಸತ್ತರು. ವಿಶೇಷ ಕಾರ್ಯಾಚರಣೆಗೆಂದೇ ಸಿದ್ಧಮಾಡಿದ ಹೆಲಿಕಾಪ್ಟರ್, ಅದಕ್ಕೆಂದೇ ಪಳಗಿದ ಒಂದೇ ತಂಡ ಅಂದು ಅವರ ಬಳಿ ಇರಲಿಲ್ಲ.

1986ರಲ್ಲಿ ಅಲ್ಲಿನ ಸಂಸತ್ತು ವಿಶೇಷ ಪಡೆಗಳಿಗೆ ಪ್ರತ್ಯೇಕ ಕಮಾಂಡ್ ಇರಬೇಕೆಂಬ ನನ್-ಕೋಹೆನ್ ತಿದ್ದುಪಡಿ ತಂದಿತು. 1987ರ ಏಪ್ರಿಲ್ 16ರಂದು ವಿಶೇಷ ಕಾರ್ಯಾಚರಣೆಗಳ ಕಮಾಂಡ್ ಶುರುವಾಯಿತು. ಅದಕ್ಕೆ ಎಂಎಫ್‌ಪಿ-11 ಎಂಬ ಪ್ರತ್ಯೇಕ ಬಜೆಟ್ ವಿಭಾಗ ಸಿಕ್ಕಿತು. ಹೀಗಿದ್ದೂ ಕಮಾಂಡ್ ತನ್ನ ಬಜೆಟ್ ಪ್ರಸ್ತಾವನೆಯನ್ನು ನೇರವಾಗಿ ರಕ್ಷಣಾ ಕಾರ್ಯದರ್ಶಿಗೆ ಕಳಿಸಬೇಕು ಎಂದು 1988ರಲ್ಲಿ ಸಂಸತ್ತು ಮತ್ತೊಮ್ಮೆ ಕಾನೂನಿನಲ್ಲಿ ಬರೆಯಬೇಕಾಯಿತು. ಕರಡು ಬರೆಯುವವರು ಇದನ್ನು ಗಮನಿಸಬೇಕು: ‘ಬಜೆಟ್ ಇರುತ್ತದೆ’ ಎಂದರೆ ಸಾಲದು, ಪ್ರಸ್ತಾವನೆ ಯಾರ ಮೇಜಿಗೆ, ಮಧ್ಯೆ ಯಾರ ಕತ್ತರಿಗೂ ಸಿಗದೆ ಹೋಗುತ್ತದೆ ಎಂಬುದೂ ನಿಯಮದಲ್ಲಿರಬೇಕು.

ಆದರೆ ಆ ಹಣಕ್ಕೆ ಬೇಲಿಯೂ ಇದೆ. ವಿಶೇಷ ಕಾರ್ಯಾಚರಣೆಗೆ ಮಾತ್ರ ಬೇಕಾದ ಉಪಕರಣ, ಸಾಮಗ್ರಿ, ಸೇವೆಗಳಿಗೆ ಮಾತ್ರ ಅದು. ಸಾಮಾನ್ಯ ವಸ್ತುಗಳ ಖರ್ಚು ಮೂಲಪಡೆಗಳದು. ಬೇಲಿ ಸರಿಯಾಗಿದ್ದರೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಸ್ಕಾರ್ ರೈಫಲ್ ಒಳ್ಳೆಯ ಉದಾಹರಣೆ. 2004ರಲ್ಲಿ ಕಮಾಂಡ್ ಆ ರೈಫಲ್ ಆರಿಸಿತು, 5.56 ಮಿ.ಮೀ. ಗುಂಡಿನದ್ದು ಎಂಕೆ 16, 7.62 ಮಿ.ಮೀ. ಗುಂಡಿನದ್ದು ಎಂಕೆ 17. 2010ರಲ್ಲಿ ಎಂಕೆ 16ರ ಖರೀದಿಯನ್ನು ಕಮಾಂಡೇ ನಿಲ್ಲಿಸಿತು. ಮೂಲಪಡೆ ತನ್ನ ಖರ್ಚಿನಲ್ಲಿ ಎಂ4 ರೈಫಲ್ ಕೊಡುತ್ತಿರುವಾಗ, ಅದಕ್ಕಿಂತ ಅಷ್ಟೇನೂ ಹೆಚ್ಚಿನ ಪ್ರಯೋಜನವಿಲ್ಲದ ರೈಫಲಿಗೆ ತನ್ನ ಸೀಮಿತ ಹಣ ಹಾಕುವುದು ಸರಿಯಲ್ಲ ಎಂಬುದು ಕಾರಣ. ಎಂಕೆ 17 ಉಳಿಯಿತು. ತನ್ನದೇ ಜೇಬು ಎಂದಾಗ ಕೈ ಹೀಗೆ ಬಿಗಿಯಾಗುತ್ತದೆ. ಬೇಡಿಕೆ ಒಬ್ಬರದು, ಹಣ ಇನ್ನೊಬ್ಬರದು ಆಗಿದ್ದರೆ ಎರಡೂ ರೈಫಲುಗಳ ಖರೀದಿ ಮುಂದುವರಿಯುತ್ತಿತ್ತು.

ಗುತ್ತಿಗೆ: ಸಹಿ ಹಾಕುವ ಕಚೇರಿಯನ್ನು ಆರಿಸುವುದು

ಅಮೆರಿಕದ ಕಮಾಂಡಿಗೆ ಸ್ವಂತ ಖರೀದಿ ಮುಖ್ಯಸ್ಥರಿದ್ದಾರೆ, ಗುತ್ತಿಗೆಗೆ ಸಹಿ ಹಾಕುವ ಅಧಿಕಾರಿಗಳಿದ್ದಾರೆ. ಯುದ್ಧರಂಗದ ಕಮಾಂಡುಗಳ ಪೈಕಿ ಅಂಥ ಅಧಿಕಾರ ಕಾನೂನಿನಲ್ಲೇ ಸಿಕ್ಕಿದ್ದು ಅದಕ್ಕೆ ಮೊದಲು. ಹಾಗಿದ್ದೂ ಎಲ್ಲವನ್ನೂ ಅದು ತಾನೇ ಕೊಳ್ಳುವುದಿಲ್ಲ. ಎಸಿ-130ಜೆ ದಾಳಿ ವಿಮಾನದ ಮೂಲ ವಿಮಾನ ವಾಯುಪಡೆಯದು, ಅದಕ್ಕೆ ಕೂರಿಸುವ ತೋಪು, ಕ್ಷಿಪಣಿ, ಸೆನ್ಸರುಗಳ ಜೋಡಣೆ ಕಮಾಂಡಿನದು.

ಎಲ್ಲಿ ಸಹಿ ಹಾಕಿಸಬೇಕೆಂದು ತೀರ್ಮಾನಿಸುವಾಗ ಹೀಗೆ ನೋಡಿ. ಮೂಲಪಡೆಯ ಕಚೇರಿಯಲ್ಲಿ ಅದೇ ವಸ್ತುವಿಗೆ ಚಾಲ್ತಿಯಲ್ಲಿರುವ ಗುತ್ತಿಗೆ ಇದ್ದರೆ ಅದರಡಿಯಲ್ಲೇ ಆದೇಶ ಕೊಡಿ. ಹೊಸ ಟೆಂಡರಿಗೆ ಹಿಡಿಯುವ ತಿಂಗಳುಗಳು ಉಳಿಯುತ್ತವೆ. ಸಣ್ಣ ಸಂಖ್ಯೆ, ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುವ ವಸ್ತು, ಸುರಕ್ಷತೆಯ ಪ್ರಮಾಣಪತ್ರ ಬೇಡದ್ದು ಎಂದಾದರೆ ಕಮಾಂಡಿನ ಸಹಿಯೇ ಸಾಕು. ಹೊಸದಾಗಿ ವಿನ್ಯಾಸ ಮಾಡಬೇಕಾದ ದೊಡ್ಡ ವಾಹನ, ದೋಣಿ, ವಿಮಾನ ಎಂದರೆ ಮೂಲಪಡೆಯ ಎಂಜಿನಿಯರುಗಳಿಲ್ಲದೆ ಕೈ ಹಾಕಬೇಡಿ.

ಎಎಸ್‌ಡಿಎಸ್ ಎಂಬ ಪುಟ್ಟ ಜಲಾಂತರ್ಗಾಮಿಯ ಕಥೆ ಈ ಮೂರನೆಯ ಬಗೆಯದು. ಸುಮಾರು 20 ಮೀಟರ್ ಉದ್ದದ ಆ ವಾಹನ ನೌಕಾಪಡೆಯ ಸೀಲ್ ಕಮಾಂಡೊಗಳನ್ನು ನೀರು ನುಗ್ಗದ ಒಣ ಕೋಣೆಯಲ್ಲಿ ಕೂರಿಸಿ ದಡದ ಹತ್ತಿರ ಒಯ್ಯಬೇಕಿತ್ತು. ಹಣ ಮತ್ತು ಬೇಡಿಕೆ ಕಮಾಂಡಿನದು, ಗುತ್ತಿಗೆ ಮತ್ತು ಎಂಜಿನಿಯರಿಂಗ್ ನೌಕಾಪಡೆಯದು. 1994ರಲ್ಲಿ ಗುತ್ತಿಗೆಯಾಯಿತು, 6 ಕಟ್ಟುವ ಯೋಜನೆ ಇತ್ತು. ಸಿಲ್ವರ್-ಜಿಂಕ್ ಬ್ಯಾಟರಿ ಬೇಗ ಬರಿದಾಯಿತು, ಪ್ರೊಪೆಲರಿನ ಸದ್ದು ಮಿತಿ ಮೀರಿತು, ವೆಚ್ಚ ಹಲವು ಪಟ್ಟು ಬೆಳೆಯಿತು. ಮೇಲ್ವಿಚಾರಣೆ ಸಾಲದೆಂದು ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಬರೆಯಿತು. ಕಟ್ಟಿದ್ದು ಒಂದೇ. 2008ರ ನವೆಂಬರಿನಲ್ಲಿ ಪರ್ಲ್ ಹಾರ್ಬರಿನಲ್ಲಿ ಚಾರ್ಜಿಗೆ ಹಾಕಿದ್ದಾಗ ಬ್ಯಾಟರಿಗೆ ಬೆಂಕಿ ಹತ್ತಿ ಅದೂ ಹೋಯಿತು. ಸಹಿಗಳು ಎರಡು ಕಡೆ ಇದ್ದದ್ದೇ ತಪ್ಪಲ್ಲ. ತಾಂತ್ರಿಕ ಅಪಾಯ ಬೆಳೆದಾಗ ‘ಇಲ್ಲಿಗೆ ನಿಲ್ಲಿಸಿ’ ಎನ್ನುವ ಅಧಿಕಾರ ಯಾರದು ಎಂಬುದು ಸ್ಪಷ್ಟವಿಲ್ಲದಿದ್ದರೆ ಹೀಗಾಗುತ್ತದೆ. ಆದ್ದರಿಂದ ಸಹಿ ಹಂಚಿದ ಪ್ರತಿ ಯೋಜನೆಗೂ ಅಳೆಯಬಹುದಾದ ಮೂರು ನಾಲ್ಕು ಮಿತಿಗಳನ್ನು ಮೊದಲೇ ಬರೆದಿಡಿ: ಒಂದು ಚಾರ್ಜಿಗೆ ಎಷ್ಟು ದೂರ, ಸದ್ದು ಎಷ್ಟು, ಒಂದಕ್ಕೆ ವೆಚ್ಚ ಎಷ್ಟು. ಯಾವುದಾದರೂ ಮೀರಿದರೆ ಹಣದ ಸಹಿ ಇರುವವರು ಮುಂದಿನ ಕಂತನ್ನು ತಡೆಯಲೇಬೇಕು, ತಡೆಯದಿದ್ದರೆ ಕಾರಣ ಬರೆದು ಸಹಿ ಹಾಕಬೇಕು.

ಕಮಾಂಡಿಗೆ ಕೊಡಬಾರದ ನಾಲ್ಕು ಬೀಗಗಳು

ಹಾರಾಟದ ಯೋಗ್ಯತೆ, ಸ್ಫೋಟಕ ಸುರಕ್ಷತೆ, ಗೂಢಲಿಪಿ, ರೇಡಿಯೊ ತರಂಗಾಂತರ. ಈ ನಾಲ್ಕರ ಕೀಲಿ ಹೊರಗಿನ ಪ್ರಾಧಿಕಾರದ ಬಳಿಯೇ ಇರಲಿ. ವೇಗ ಬೇಕಾದವರೇ ತಮ್ಮ ವೇಗಕ್ಕೆ ತಾವೇ ಪರೀಕ್ಷಕರಾದರೆ ಪರೀಕ್ಷೆ ಉಳಿಯುವುದಿಲ್ಲ. ಹೆಲಿಕಾಪ್ಟರಿನ ಮೂತಿಗೆ 60 ಕಿಲೋ ತೂಕದ ಸೆನ್ಸರ್ ಸೇರಿಸಿದರೆ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದೆ, ಜನರೇಟರಿನ ಮೇಲೆ ಹೊರೆ ಬೀಳುತ್ತದೆ, ಬಿಸಿ ಮತ್ತು ಎತ್ತರದ ಪ್ರದೇಶದಲ್ಲಿ ಎತ್ತುವ ಶಕ್ತಿ ಅಷ್ಟು ಕಡಿಮೆಯಾಗುತ್ತದೆ. ಹೊಸ ರೇಡಿಯೊ ಪಕ್ಕದ ಜಾಮರಿನ ಅಲೆಯಲ್ಲಿ ಮುಳುಗಿಹೋಗಬಹುದು. ಹೊಸ ಲಿಥಿಯಂ ಬ್ಯಾಟರಿಯನ್ನು ಹಡಗಿನೊಳಗೆ ಇಡಲು ಅನುಮತಿಯೇ ಸಿಗದೆ ಹೋಗಬಹುದು.

ಬದಲಿಗೆ ಕಮಾಂಡಿಗೆ ಕೊಡಬೇಕಾದದ್ದು ಸಮಯದ ಹಕ್ಕು: ಕಡತ ಪೂರ್ತಿ ಸಿಕ್ಕ ಮೇಲೆ ಇಷ್ಟು ದಿನದೊಳಗೆ ಹೌದು, ಇಲ್ಲ, ಅಥವಾ ಈ ಷರತ್ತಿನ ಮೇಲೆ ಹೌದು ಎಂದು ಪ್ರಾಧಿಕಾರ ಬರವಣಿಗೆಯಲ್ಲಿ ಹೇಳಲೇಬೇಕು. 30 ದಿನ ಸಮಂಜಸ. ಪ್ರಾಧಿಕಾರದ ಒಬ್ಬ ಎಂಜಿನಿಯರ್ ಕಮಾಂಡಿನ ಕಚೇರಿಯಲ್ಲೇ ಕೂತಿದ್ದರೆ ಇನ್ನೂ ಒಳ್ಳೆಯದು, ಆದರೆ ಅವರ ಬಡ್ತಿಯ ವರದಿ ಬರೆಯುವವರು ಪ್ರಾಧಿಕಾರದವರೇ ಆಗಿರಬೇಕು.

ತುರ್ತು ದಾರಿಗೆ ಕೊನೆಯ ದಿನಾಂಕ

ಕಾರ್ಯಾಚರಣೆಯ ನಡುವೆ ಬರುವ ಬೇಡಿಕೆಗೆ ಬೇರೆ ದಾರಿ ಬೇಕೇ ಬೇಕು. ಒಂದು ಪುಟದ ಮನವಿ, ಕಮಾಂಡಿನ ಎರಡನೇ ಹಂತದ ಅಧಿಕಾರಿಯ ಸಹಿ, ಹಣಕ್ಕೆ ಮೇಲ್ಮಿತಿ. ಮನವಿಯಲ್ಲಿ ವಸ್ತುವಿನ ಹೆಸರಿಗಿಂತ ಮೊದಲು ಕೊರತೆ ಏನೆಂದು ಬರೆಯಲಿ. ‘ಈ ಕಂಪನಿಯ ಈ ಡ್ರೋನ್ ಬೇಕು’ ಎಂದು ಬಂದ ಮನವಿಯನ್ನು ವಾಪಸು ಕಳಿಸಿ, ‘ಮರದ ಕೆಳಗಿರುವವರನ್ನು ರಾತ್ರಿ 2 ಕಿಲೋಮೀಟರ್ ದೂರದಿಂದ ಕಾಣಲಾಗುತ್ತಿಲ್ಲ’ ಎಂದು ಬರೆಸಿ.

ಇಂಥ ಖರೀದಿಗೆ 24 ತಿಂಗಳ ಆಯಸ್ಸು ಕೊಡಿ. ಆ ದಿನ ಬಂದಾಗ ಮೂರೇ ದಾರಿ: ಖಾಯಂ ಪಟ್ಟಿಗೆ ಸೇರಿಸಿ ಪೋಷಣೆಯ ಹಣ ಇಡುವುದು, ಮೂಲಪಡೆಗೆ ವಹಿಸುವುದು, ವಿಲೇವಾರಿ ಮಾಡುವುದು. ಕೊನೆಯ ದಿನಾಂಕವಿಲ್ಲದ ತುರ್ತು ಖರೀದಿ ಐದು ವರ್ಷದಲ್ಲಿ ಗೋದಾಮಿನ ತುಂಬ ಹನ್ನೆರಡು ಬಗೆಯ ರೇಡಿಯೊಗಳನ್ನು ಬಿಟ್ಟುಹೋಗುತ್ತದೆ, ಒಂದಕ್ಕೂ ಚಾರ್ಜರ್ ಹೊಂದುವುದಿಲ್ಲ.

ಪೋಷಣೆ: ಎರಡನೇ ವರ್ಷದ ಬಿಲ್ಲು

ಸ್ವಂತ ಖರೀದಿಯ ಅಧಿಕಾರ ಕೇಳುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಬೇರೆ ಯಾರೂ ಬಳಸದ ವಸ್ತು ಅನಾಥ ಶಿಶು ಇದ್ದ ಹಾಗೆ. ಎಎಚ್-6, ಎಂಎಚ್-6 ಲಿಟಲ್ ಬರ್ಡ್ ಹೆಲಿಕಾಪ್ಟರುಗಳನ್ನು ಅಮೆರಿಕದ ಸೇನೆಯಲ್ಲಿ ಓಡಿಸುವುದು 160ನೇ ವಿಶೇಷ ವೈಮಾನಿಕ ರೆಜಿಮೆಂಟ್ ಮಾತ್ರ. ಅದರ ಬಿಡಿಭಾಗ, ಸುಧಾರಣೆ, ತರಬೇತಿ, ಕೈಪಿಡಿ ಎಲ್ಲದರ ಭಾರ ಹಂಚಿಕೊಳ್ಳಲು ಇನ್ನೊಂದು ದೊಡ್ಡ ಬಳಕೆದಾರ ಇಲ್ಲ. ಕೆಲಸಕ್ಕೆ ಅದೇ ಬೇಕೆಂದಾದರೆ ಆ ಭಾರ ಹೊರುವುದು ಸರಿ; ತಿಳಿದು ಹೊರಬೇಕು ಅಷ್ಟೇ. ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. ಚಿನೂಕ್ ಹೆಲಿಕಾಪ್ಟರಿನೊಳಗೆ ಹಿಡಿಸುವಂತೆ ಕಮಾಂಡ್ ಕೊಂಡ ಜಿಎಂವಿ 1.1 ಎಂಬ ಹಗುರ ವಾಹನವನ್ನು ಆಮೇಲೆ ಭೂಸೇನೆಯೂ ಧುಮುಕುಕೊಡೆಯಲ್ಲಿ ಇಳಿಯುವ ತನ್ನ ಪಡೆಗೆ ಕೊಂಡಿತು. ಮೂರನೆಯ ಗುಂಪಿನ ವಸ್ತು ಮೊದಲ ಗುಂಪಿನತ್ತ ಸರಿದಾಗ ಬಿಡಿಭಾಗದ ಖರ್ಚು ಹಂಚಿಹೋಗುತ್ತದೆ. ಹಾಗಾಗಿ ಗುಂಪಿನ ಪಟ್ಟಿಯನ್ನು ಪ್ರತಿವರ್ಷ ತೆರೆದು ನೋಡಿ, ಯಾವುದು ಸರಿಯಬಹುದು ಎಂದು ಗುರುತು ಹಾಕಿ.

ಒಂದು ಲೆಕ್ಕ ಮಾಡಿ ತೋರಿಸುತ್ತೇವೆ

480 ಯೋಧರಿಗೆ ಎರಡು ಕೊಳವೆಯ ನೈಟ್ ವಿಷನ್ ಕನ್ನಡಕ ಎಂದುಕೊಳ್ಳಿ. ತರಬೇತಿ ಶಾಲೆಗೆ ಶೇ. 10, ಅಂದರೆ 48. ದುರಸ್ತಿಗೆ ಹೋದಾಗ ಬದಲಿಗೆ ಕೊಡಲು ಶೇ. 15, ಅಂದರೆ 72. ಒಟ್ಟು 600. ಮಸುಕು ಬೆಳಕನ್ನು ಹೆಚ್ಚಿಸಿ ತೋರಿಸುವ ಚಿತ್ರವರ್ಧಕ ಕೊಳವೆಗೆ ಕಾಗದದ ಮೇಲೆ ಸುಮಾರು 10,000 ಗಂಟೆ ಆಯಸ್ಸು ಬರೆದಿರುತ್ತದೆ. ವರ್ಷಕ್ಕೆ 300 ಗಂಟೆ ಬಳಸಿದರೆ 33 ವರ್ಷ ಬಾಳಬೇಕು. ಆದರೆ ಕೊಳವೆ ಸಾಯುವುದು ಗಂಟೆಯಿಂದಲ್ಲ, ಬಿದ್ದ ಪೆಟ್ಟಿನಿಂದ ಮತ್ತು ಲೇಸರ್ ತಗುಲಿದ ಕಲೆಯಿಂದ. ಹಾಗಾಗಿ ಬದಲಿ ಸಂಖ್ಯೆಯನ್ನು ಆಯಸ್ಸಿನ ಲೆಕ್ಕದಲ್ಲಿ ಹಾಕಬೇಡಿ, ಒಡೆಯುವ ಲೆಕ್ಕದಲ್ಲಿ ಹಾಕಿ.

ಮೌಂಟ್ 660: ಕನ್ನಡಕಕ್ಕೊಂದು, ಮೇಲೆ 60, ಯಾಕೆಂದರೆ ಮೊದಲು ಮುರಿಯುವುದು ಅದೇ. ಹೆಲ್ಮೆಟ್ಟಿನ ಹಿಂದೆ ಕಟ್ಟುವ ಪ್ರತಿತೂಕ ಯೋಧರಿಗೂ ಶಾಲೆಗೂ ಸೇರಿ 528 (480 + 48), ಇಲ್ಲದಿದ್ದರೆ ಕುತ್ತಿಗೆ ನೋಯುತ್ತದೆ. ಒಂದು ಎಎ ಬ್ಯಾಟರಿ 15 ಗಂಟೆ ಬರುತ್ತದೆಂದರೆ ಒಂದು ಕನ್ನಡಕಕ್ಕೆ ವರ್ಷಕ್ಕೆ 20, ಬಳಕೆಯಲ್ಲಿರುವ 528ಕ್ಕೆ 10,560. ಪ್ರತಿ ದುರಸ್ತಿ ಕೇಂದ್ರಕ್ಕೆ ಒಂದು ಪರೀಕ್ಷಾ ಪೆಟ್ಟಿಗೆ, ಒಣ ನೈಟ್ರೋಜನ್ ತುಂಬುವ ಒಂದು ಕಿಟ್. ನೈಟ್ರೋಜನ್ ಮರೆತರೆ ಒಳಗಿನ ತೇವದಿಂದ ಗಾಜು ಮಂಜಾಗುತ್ತದೆ, ಚಳಿಯಲ್ಲಿ ಏನೂ ಕಾಣುವುದಿಲ್ಲ.

ಈಗ ಸಹಿಗಳು. ಬೇಡಿಕೆ, ಕನ್ನಡಕದ ಹಣ, ಮೌಂಟಿನ ಹಣ, ಪ್ರತಿತೂಕದ ಹಣ: ಕಮಾಂಡ್. ಹೆಲ್ಮೆಟ್, ಹಣೆತಟ್ಟೆ, ಬ್ಯಾಟರಿ: ಮೂಲಪಡೆ, 10,560 ಬ್ಯಾಟರಿಯ ಅಂದಾಜನ್ನು ಬಜೆಟ್ ತಿಂಗಳಿಗೆ ಮೊದಲೇ ಅವರ ಸರಬರಾಜು ವಿಭಾಗಕ್ಕೆ ಬರವಣಿಗೆಯಲ್ಲಿ ಕೊಡಿ. ಗುತ್ತಿಗೆ: ಕನ್ನಡಕ ಕೊಳ್ಳುತ್ತಿರುವ ಮೂಲಪಡೆಯ ಕಚೇರಿ. ಸುರಕ್ಷತೆ: ಧುಮುಕುಕೊಡೆ ಪರೀಕ್ಷಾ ಪ್ರಾಧಿಕಾರ, ಹಗ್ಗ ಸಿಕ್ಕಿಕೊಳ್ಳುವುದೇ, ಆಮ್ಲಜನಕದ ಮುಸುಕಿಗೆ ತಾಗುವುದೇ ಎಂದು ನೋಡಲು. ಪೋಷಣೆ: ಮೊದಲ 3 ವರ್ಷ ಕಮಾಂಡ್, ಆಮೇಲೆ ಮೂಲಪಡೆ ಅದೇ ಮಾದರಿ ಕೊಂಡರೆ ಅವರಿಗೆ. 600 ಕನ್ನಡಕದ ಆದೇಶಕ್ಕೆ ಮುಂಚೆ ಸೇವೆಯಲ್ಲಿರುವ ಹೆಲ್ಮೆಟ್ಟುಗಳನ್ನು ಎಣಿಸಿ, ಎಷ್ಟರಲ್ಲಿ ಒಂದು ತೂತು, ಎಷ್ಟರಲ್ಲಿ ಮೂರು ಎಂದು ಬರೆದುಕೊಳ್ಳಿ. ಒಬ್ಬ ಹವಾಲ್ದಾರ್ ಎರಡು ದಿನದಲ್ಲಿ ಮುಗಿಸುವ ಕೆಲಸ.

ಹೊರಗಿನ ಕಣ್ಣು

ಬೇಡಿಕೆಯೂ ಹಣವೂ ಒಂದೇ ಕೈಯಲ್ಲಿ ಕೂಡಿದಾಗ ಬರುವ ರೋಗ ಬೇರೆ: ಉತ್ತರ ಮೊದಲು, ವಿಶ್ಲೇಷಣೆ ಆಮೇಲೆ. 2022ರಲ್ಲಿ ಅಮೆರಿಕದ ಕಮಾಂಡ್ ಕೃಷಿ ವಿಮಾನವನ್ನು ಆಧರಿಸಿದ ಹಗುರ ದಾಳಿ ವಿಮಾನವೊಂದನ್ನು ಆರಿಸಿ 75 ಕೊಳ್ಳುವ ಯೋಜನೆ ಹಾಕಿತು. 75 ಎಂಬ ಸಂಖ್ಯೆ ಅಗತ್ಯವಾದ ವಿಶ್ಲೇಷಣೆಗೂ ಮೊದಲೇ ತೀರ್ಮಾನವಾಗಿತ್ತು ಎಂದು ಲೆಕ್ಕಪರಿಶೋಧನಾ ಕಚೇರಿ 2023ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಅಲ್ಲಿ ಕಮಾಂಡಿನ ಮೇಲೆ ರಕ್ಷಣಾ ಇಲಾಖೆಯಲ್ಲಿ ಒಬ್ಬ ನಾಗರಿಕ ಸಹಾಯಕ ಕಾರ್ಯದರ್ಶಿಯ ಹುದ್ದೆ ಇದೆ, ಸಂಸತ್ತು ಅದನ್ನು ಬಲಪಡಿಸಿದೆ ಕೂಡ. ನಿಮ್ಮ ಕರಡಿನಲ್ಲೂ ಅಂಥ ಹುದ್ದೆ ಇರಲಿ. ಅದಕ್ಕೆ ಎರಡು ಅಧಿಕಾರ ಸಾಕು: ಸಂಖ್ಯೆಯ ಹಿಂದಿನ ಲೆಕ್ಕ ಕೇಳುವುದು, ಲೆಕ್ಕ ಬರುವವರೆಗೆ ಹಣ ತಡೆಯುವುದು. ವಸ್ತು ಆರಿಸುವ ಅಧಿಕಾರ ಅಲ್ಲಿಗೆ ಹೋಗಬಾರದು, ಹೋದರೆ ಬೇಡಿಕೆಯ ಸಹಿಯೇ ಕಮಾಂಡಿನ ಕೈ ತಪ್ಪಿದಂತೆ.

ಕರಡು ಮುಗಿದ ಮೇಲೆ ಅದನ್ನು ಜಾರಿಗೆ ಕಳಿಸುವ ಮುಂಚೆ ಹಳೆಯ ಮೂರು ಖರೀದಿ ಕಡತ ತೆಗೆದುಕೊಳ್ಳಿ. ಒಂದು ಸಲೀಸಾಗಿ ಮುಗಿದದ್ದು, ಒಂದು ತಡವಾದದ್ದು, ಒಂದು ಕೈಬಿಟ್ಟದ್ದು. ಹೊಸ ನಿಯಮದಡಿ ಪ್ರತಿ ಕಡತದ ಐದು ಅಂಕಣ ತುಂಬಿ. ತಡವಾದ ಕಡತ ನಿಂತ ಜಾಗದಲ್ಲಿ ಈಗ ಯಾವ ಹುದ್ದೆಯ ಹೆಸರು ಬರುತ್ತದೆ ಎಂದು ನೋಡಿ. ಅಲ್ಲಿ ಇನ್ನೂ ಎರಡು ಹೆಸರು ಬರುತ್ತಿದ್ದರೆ ಕರಡನ್ನು ಆ ಸಾಲಿನಲ್ಲೇ ತಿದ್ದಬೇಕು.